ಜೂನ್ ಬರುವ ಮೊದಲೇ ಮನೆ ಖರ್ಚಿನ ಲೆಕ್ಕ: ಮಕ್ಕಳನ್ನು ಕಟ್ಟಿಕೊಂಡು ಸಂತೆ ಮಾಡುವುದು ಹೇಗೆ?

ಮಕ್ಕಳಿರುವ ಮನೆಗೆ ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಜೂನ್ ತಿಂಗಳು ಬಲು ಭಾರ. ಶಾಲೆ ಶುರುವಾಗುವುದು, ಮಳೆ ಹಿಡಿಯುವುದು, ಮೀನುಗಾರಿಕೆ ನಿಲ್ಲುವುದು ಎಲ್ಲ ಒಂದರ ಬೆನ್ನಿಗೊಂದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬಂದರನ್ನೇ ನಂಬಿದ ಮನೆಗಳಲ್ಲಿ ದುಡಿಮೆ ನಿಲ್ಲುತ್ತದೆ, ಉಳಿದವರಿಗೆ ಮೀನು ತುಟ್ಟಿಯಾಗುತ್ತದೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ತೋಟಿಗರಿಗೂ ಅಷ್ಟೇ: ಅಡಿಕೆ ಮಾರಿದ ದುಡ್ಡು ಕರಗುತ್ತ ಬಂದಿರುತ್ತದೆ, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಖರ್ಚು ಎದುರಿಗೇ ನಿಂತಿರುತ್ತದೆ. ತಿಂಗಳ ಸಂಬಳದವರು ಹಾಕುವ ಲೆಕ್ಕ ನಮ್ಮಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಮಳೆಗಾಲಕ್ಕೆಂದೇ ಬೇರೆ ಲೆಕ್ಕ ಹಾಕಬೇಕು, ಅದೂ ಏಪ್ರಿಲ್‌ನಲ್ಲೇ.

ಮೊದಲ ಹಂತ: ಸಿಗುವುದನ್ನು ಬರೆದುಕೊಳ್ಳಿ

ಬೇಕಾದ್ದರ ಪಟ್ಟಿ ಮಾಡುವ ಮೊದಲು, ಮಗುವಿಗೆ ಹೇಗೂ ಸಿಗುವುದು ಏನೇನು ಎಂದು ಬರೆಯಿರಿ. ಸರ್ಕಾರಿ ಶಾಲೆಯಾದರೆ ಪಠ್ಯಪುಸ್ತಕ, ಸಮವಸ್ತ್ರ, ಶೂ ಮತ್ತು ಸಾಕ್ಸ್, ಹಾಲು, ಮಧ್ಯಾಹ್ನದ ಊಟ ಇವೆ. ಅವು ಯಾವಾಗ ಬರುತ್ತವೆ ಎಂದು ಶಾಲೆಯ ಅಕ್ಕೋರನ್ನು (ಶಿಕ್ಷಕಿಯನ್ನು) ಕೇಳಿಯೇ ಅಂಗಡಿಗೆ ಹೋಗಿ. ತಡವಾದೀತು ಎಂಬ ಆತಂಕಕ್ಕೆ ಎರಡೆರಡು ಜೊತೆ ಕೊಂಡು ಇಡುವ ಮನೆಗಳು ಬಹಳ.

ಆಮೇಲೆ ಹಳೆಯ ಚೀಲ, ಕಪಾಟು ತೆಗೆದು ಮಗುವಿನ ಎದುರಿಗೇ ಹರವಿ. ಕಳೆದ ವರ್ಷದ ನೋಟ್‌ಬುಕ್ಕುಗಳ ಖಾಲಿ ಹಾಳೆ ಕಿತ್ತು ಹೊಲಿದರೆ ಒಂದೆರಡು ರಫ್ ಪುಸ್ತಕ ಆಗುತ್ತವೆ. ಕಂಪಾಸ್ ಪೆಟ್ಟಿಗೆ, ನೀರಿನ ಬಾಟಲಿ ಚೆನ್ನಾಗಿದ್ದರೆ ತೊಳೆದು ಒಳಗಿಡಿ. ಏನು ಇದೆ ಎಂದು ಮಗು ತನ್ನ ಕಣ್ಣಾರೆ ನೋಡಿದರೆ ಅಂಗಡಿಯಲ್ಲಿ ಹಟ ಅರ್ಧ ಕಡಿಮೆ.

ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಮನೆಯವರಿಗೆ ಒಂದು ಮಾತು. ಆ ಹಣವನ್ನು ಕಂತಿಗೋ ಟ್ಯೂಷನ್ ಫೀಸಿಗೋ ಕಟ್ಟಿಹಾಕಬೇಡಿ. ಖಾತೆಗೆ ಬೀಳುವುದು ಹಿಂದುಮುಂದಾದರೆ ಉದ್ರಿ ಬೆಳೆಯುತ್ತದೆ. ಬಂದಾಗ ಬೇಳೆ, ಎಣ್ಣೆ, ಸಾಬೂನಿನಂಥ ಕೆಡದ ಸಾಮಾನಿಗೆ ಬಳಸುವುದೇ ಕ್ಷೇಮ.

ಎರಡನೆಯ ಹಂತ: ಮಳೆಗೆ ಮೊದಲು ಮುಗಿಸುವ ಖರೀದಿ

ರೇನ್‌ಕೋಟ್ ಕೊಳ್ಳುವಾಗ ಪುಸ್ತಕದ ಚೀಲ ಬೆನ್ನಿಗೆ ಹಾಕಿಸಿಯೇ ತೊಡಿಸಿ ನೋಡಿ. ಚೀಲದ ಮೇಲೆ ಸರಾಗ ಇಳಿಯಬೇಕು, ಗುಂಡಿ ಬೀಳಬೇಕು. ಒಂದು ಸೈಜು ದೊಡ್ಡದಾದರೂ ಅಡ್ಡಿಯಿಲ್ಲ, ಎರಡು ಮಳೆಗಾಲ ಬಂದೀತು. ಕಡಲ ಗಾಳಿಗೆ ಸಣ್ಣ ಮಕ್ಕಳ ಕೈಯ ಕೊಡೆ ಮೊದಲ ವಾರವೇ ಮಗುಚಿ ಕಡ್ಡಿ ಮುರಿಯುತ್ತದೆ. ಐದನೆಯ ತರಗತಿಯವರೆಗೆ ರೇನ್‌ಕೋಟೇ ಸರಿ ಎಂಬುದು ನನ್ನ ಅಭಿಪ್ರಾಯ.

ಚಪ್ಪಲಿಯ ವಿಷಯ ಹಾಗಲ್ಲ. ಬೆಳೆಯುವ ಕಾಲು ಎಂದು ದೊಡ್ಡ ಸೈಜು ತೆಗೆದರೆ ಪಾಚಿಗಟ್ಟಿದ ಚಿರೆಕಲ್ಲಿನ ಮೆಟ್ಟಿಲ ಮೇಲೆ ಮಗು ಜಾರುತ್ತದೆ. ಹಿಂದೆ ಪಟ್ಟಿಯಿರುವ, ಅಡಿ ಗೀರುಗೀರಾಗಿರುವ, ಕಾಲಿಗೆ ಸರಿಯಾಗಿ ಕೂರುವ ಚಪ್ಪಲಿ ನೋಡಿ. ಇಲ್ಲಿ ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಬೇಡಿ. ಕ್ಯಾನ್ವಾಸ್ ಶೂ ಜುಲೈನಲ್ಲಿ ಒಣಗುವುದೇ ಇಲ್ಲ. ಮಳೆ ಮುಗಿಯುವವರೆಗೆ ಚಪ್ಪಲಿಗೆ ಬಿಡುತ್ತಾರಾ ಎಂದು ಶಾಲೆಯಲ್ಲಿ ಕೇಳಿ ನೋಡಿ.

ಸಮವಸ್ತ್ರ ಹೊಲಿಸುವುದಿದ್ದರೆ ಮೇ ಮೊದಲ ವಾರವೇ ಬಟ್ಟೆ ಕೊಡಿ. ಕೊನೆಯ ವಾರ ಟೇಲರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಪ್ಯಾಂಟು, ಲಂಗದ ಅಂಚಿನಲ್ಲಿ ನಾಲ್ಕು ಬೆರಳು ಒಳಗೆ ಮಡಚಿ ಹೊಲಿಯಲು ಹೇಳಿ. ಮುಂದಿನ ವರ್ಷ ಬಿಚ್ಚಿದರೆ ಉದ್ದ ಸಿಗುತ್ತದೆ.

ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಶಾರ್ಪನರ್, ಕ್ರೇಯಾನ್‌ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಪೂರ್ತಿ ಹೋಗಿದೆ. ಬಿಲ್ಲು ಕೇಳಿ ಪಡೆಯಿರಿ, ಇವುಗಳ ಎದುರು ತೆರಿಗೆ ಹಾಕಿದ್ದರೆ ವಿಚಾರಿಸಿ.

ಮೂರನೆಯ ಹಂತ: ಮಕ್ಕಳ ಸಂಜೆಯ ಹಸಿವಿಗೆ ಡಬ್ಬಿ ತುಂಬಿಸಿ

ಮಳೆಯಲ್ಲಿ ನೆನೆದು ಬಂದ ಮಗುವಿಗೆ ಸಂಜೆ ನಾಲ್ಕೂವರೆಗೆ ವಿಪರೀತ ಹಸಿವು. ಬೇಕರಿಗೂ ಬಿಸ್ಕತ್ತಿಗೂ ದುಡ್ಡು ಹರಿದುಹೋಗುವುದು ಆ ಹೊತ್ತಿನಲ್ಲೇ. ಏಪ್ರಿಲ್, ಮೇ ಬಿಸಿಲಲ್ಲಿ ಹಲಸಿನ ಹಪ್ಪಳ ಒತ್ತಿ ಒಣಗಿಸಿಟ್ಟರೆ, ಅವಲಕ್ಕಿ, ನೆಲಗಡಲೆ, ಬೆಲ್ಲ ಸೇರಿಸಿಟ್ಟರೆ ಜುಲೈ ದಾಟುತ್ತದೆ. ಹಪ್ಪಳ ಹರವುವ, ಕಾಗೆ ಕಾಯುವ ಕೆಲಸ ಮಕ್ಕಳಿಗೇ ಕೊಡಿ. ರಾಗಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಿನ ಮಣ್ಣಿಯೋ ಅಂಬಲಿಯೋ ಇರುವ ಮನೆಗೆ ಡಬ್ಬಿಯ ಮಾಲ್ಟ್ ಪುಡಿ ಬೇಕಿಲ್ಲ. ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಹೆಸರಿನಡಿ ಮಾರಬೇಡಿ ಎಂದು ಕೇಂದ್ರ ವಾಣಿಜ್ಯ ಸಚಿವಾಲಯವೇ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟದ ಕಂಪನಿಗಳಿಗೆ ಹೇಳಿದೆ.

ಕುಮಟಾದ ಅಳ್ವೆಕೋಡಿ, ಹಂದಿಗೋಣದ ಸಿಹಿ ಈರುಳ್ಳಿಯ ಹೆಣಿಕೆಗಳು ಬೇಸಿಗೆಯಲ್ಲಿ ಹೆದ್ದಾರಿ ಬದಿಗೇ ತೂಗುತ್ತಿರುತ್ತವೆ. ಗಡ್ಡೆ ಗಟ್ಟಿಯಿರಬೇಕು, ಕುತ್ತಿಗೆ ಪೂರ್ತಿ ಒಣಗಿರಬೇಕು. ಒಲೆಯ ಬಿಸಿ ತಾಗುವ ಕಡೆ ತೂಗುಹಾಕಿ. ಮೀನು ತಿನ್ನುವವರು ಒಣ ಸಿಗಡಿ, ಒಣ ಬಂಗಡೆಯನ್ನು ಮೇ ಮುಗಿಯುವ ಮೊದಲೇ ತೆಗೆದುಕೊಳ್ಳಿ. ಕೈಗೆ ತಣ್ಣಗೆ, ಹಸಿಯಾಗಿ ಹತ್ತಿದರೆ ಬೇಡ. ಮನೆಗೆ ತಂದು ಮತ್ತೊಂದು ಬಿಸಿಲು ತೋರಿಸಿ, ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಒಣ ಸಿಗಡಿ ಚಟ್ನಿ, ಗಂಜಿ, ಒಂದು ಮೊಟ್ಟೆ ಇದ್ದರೆ ಹಸಿಮೀನಿಲ್ಲದ ದಿನವೂ ಮಗುವಿನ ಹೊಟ್ಟೆ ತಣ್ಣಗಿರುತ್ತದೆ.

ನಾಲ್ಕನೆಯ ಹಂತ: ಮಗುವನ್ನು ಸಂತೆಗೆ ಕರೆದೊಯ್ಯುವುದು

ಕಾರವಾರದಲ್ಲಿ ಭಾನುವಾರ, ಕುಮಟಾದಲ್ಲಿ ಬುಧವಾರ, ಶಿರಸಿಯಲ್ಲಿ ಮಂಗಳವಾರ ಸಂತೆ. ಮಕ್ಕಳನ್ನು ಮನೆಯಲ್ಲೇ ಬಿಟ್ಟು ಹೋದರೆ ಚೀಲ ಬೇಗ ತುಂಬುತ್ತದೆ ನಿಜ. ಆದರೂ ತಿಂಗಳಿಗೊಮ್ಮೆಯಾದರೂ ಕರೆದೊಯ್ಯಿರಿ. ಶಕ್ತಿ ಯೋಜನೆ ಬಂದ ಮೇಲೆ ಊರಿಂದ ಪೇಟೆಗೆ ತಾಯಿ, ಮಗಳಿಬ್ಬರಿಗೂ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ.

ಹೊರಡುವ ಮೊದಲು ಹೊಟ್ಟೆ ತುಂಬಿಸಿ. ತೆಳ್ಳೇವು (ತೆಳು ದೋಸೆ) ತಿಂದು ಬಂದ ಮಗುವಿಗೂ ಹಸಿದು ಬಂದ ಮಗುವಿಗೂ ಅಜಗಜಾಂತರ. ಓದಲು ಬರುವ ಮಗುವಿನ ಕೈಗೇ ಚೀಟಿ ಕೊಡಿ: ಬಸಳೆ ಒಂದು ಕಟ್ಟು, ಟೊಮೆಟೊ ಒಂದು ಕಿಲೋ, ತೆಂಗಿನಕಾಯಿ ಎರಡು. ಒಂದು ಸುತ್ತು ಏನೂ ಕೊಳ್ಳದೆ ಬರೀ ದರ ಕೇಳುತ್ತ ನಡೆಯಿರಿ, ಕಡಿಮೆ ದರ ಎಲ್ಲಿತ್ತು ಎಂಬುದನ್ನು ನೆನಪಿಡುವ ಕೆಲಸ ಮಗುವಿನದು. ಸಂಜೆ ದರ ಇಳಿಯುತ್ತದೆ, ಆದರೆ ಆಗ ಉಳಿದಿರುವುದು ಉಳಿದವರು ಆಯ್ದು ಬಿಟ್ಟದ್ದು. ಸೊಪ್ಪು ಬೆಳಿಗ್ಗೆಯೇ ಕೊಳ್ಳಿ, ಬಟಾಟೆ ಈರುಳ್ಳಿಗೆ ಸಂಜೆಯಾದರೂ ನಡೆಯುತ್ತದೆ. ಅಂಕೋಲಾ ಕಡೆಯ ಹಾಲಕ್ಕಿ ಸಮುದಾಯದ ಹೆಂಗಸರು ತಮ್ಮ ಹಿತ್ತಲಲ್ಲೇ ಬೆಳೆದು ಹೊತ್ತು ತಂದ ಸೊಪ್ಪಿಗೆ ಎರಡು ರೂಪಾಯಿಗಾಗಿ ಚೌಕಾಸಿ ಮಾಡಬೇಡಿ. ಮಗು ಅದನ್ನೂ ನೋಡುತ್ತಿರುತ್ತದೆ.

ಇನ್ನು ಹಟ. “ಆಯಿ, ಅದು ಬೇಕು” ಎಂಬ ಮಾತು ಬಂದೇ ಬರುತ್ತದೆ. ಇಪ್ಪತ್ತು ರೂಪಾಯಿಯೊಳಗೆ ನಿನ್ನಿಷ್ಟದ್ದು ಒಂದು ಎಂದು ಮನೆಯಲ್ಲೇ ಹೇಳಿಟ್ಟಿರಿ, ಮತ್ತು ಅದು ಏನೇ ಆಗಿದ್ದರೂ ಕೊಡಿಸಿ. ಅದು ನಿಮಗೆ ಕಸ ಅನ್ನಿಸಿದರೂ ಆಯ್ಕೆ ಮಗುವಿನದು. ಅದರಾಚೆ ಕೇಳಿದರೆ ಒಮ್ಮೆ ಬೇಡ ಎಂದದ್ದು ಬೇಡವೇ. ಅತ್ತು ಉರುಳಿದರೆ ಬದಿಗೆ ಕರೆದೊಯ್ದು, ಸುಮ್ಮನೆ ಪಕ್ಕದಲ್ಲಿ ಕೂತು ಅಳು ಇಳಿಯಲು ಬಿಡಿ. ಜನ ನೋಡುತ್ತಾರೆಂಬ ನಾಚಿಕೆಗೆ ಕೊಡಿಸಿಬಿಟ್ಟರೆ ಮುಂದಿನ ಸಂತೆಯಲ್ಲಿ ಅಳು ಇನ್ನೂ ಜೋರಾಗುತ್ತದೆ. ಅಜ್ಜ, ಅಜ್ಜಿಗೂ ಈ ಮಾತು ಮೊದಲೇ ತಿಳಿಸಿರಬೇಕು, ಇಲ್ಲವಾದರೆ ನೀವು ಬೇಡ ಅಂದದ್ದು ಸಂಜೆಯೊಳಗೆ ಮನೆಗೆ ಬಂದಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು: “ದುಡ್ಡಿಲ್ಲ” ಎಂಬ ಉತ್ತರವನ್ನು ಅಭ್ಯಾಸ ಮಾಡಿಕೊಳ್ಳಬೇಡಿ. “ಈ ವಾರದ ಚೀಟಿಯಲ್ಲಿ ಅದಿಲ್ಲ, ಮುಂದಿನ ತಿಂಗಳು ನೋಡೋಣ ತಮಾ” ಎನ್ನಿ, ಮುಂದಿನ ತಿಂಗಳು ಮರೆಯದೆ ಆ ಮಾತೆತ್ತಿ. ಬೆಳಿಗ್ಗೆಯಿಂದ ಸಂಜೆಯವರೆಗೆ ದುಡ್ಡಿಲ್ಲ ಎಂಬುದನ್ನೇ ಕೇಳಿ ಬೆಳೆದ ಮಗು ಚಪ್ಪಲಿ ಹರಿದರೂ ಹೇಳುವುದಿಲ್ಲ, ಪೆನ್ಸಿಲ್ ಮುಗಿದರೂ ಹೇಳುವುದಿಲ್ಲ. ಅದರ ಮನಸ್ಸಿನಲ್ಲಿ ಅಂಥ ಹೆದರಿಕೆ ಕೂರಬಾರದು. ಹತ್ತು ಹನ್ನೆರಡು ದಾಟಿದ ಮಕ್ಕಳ ಜೊತೆ ಕೂತು ಕರೆಂಟ್ ಬಿಲ್ಲು, ಗ್ಯಾಸು, ಹಾಲಿನ ಲೆಕ್ಕ ತೋರಿಸಿ. ನಾವಂದುಕೊಂಡದ್ದಕ್ಕಿಂತ ಚೆನ್ನಾಗಿ ಅವರಿಗೆ ಅರ್ಥವಾಗುತ್ತದೆ.

ಐದನೆಯ ಹಂತ: ಪ್ಯಾಕೆಟ್ ತಿರುಗಿಸಿ ಓದಿ

ಶಿರಸಿಯ ಟಿಎಸ್‌ಎಸ್ ಸೂಪರ್ ಮಾರ್ಕೆಟ್ ಇರಲಿ, ಊರ ಕಿರಾಣಿ ಅಂಗಡಿ ಇರಲಿ, ಪ್ಯಾಕೆಟ್ ಮೇಲೆ ಎಂಆರ್‌ಪಿ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಗ್ರಾಂಗೆ ಅಥವಾ ಕಿಲೋಗೆ ಎಷ್ಟು ಬೀಳುತ್ತದೆ ಎಂದು ಈಗ ಮುದ್ರಿಸಿರುತ್ತಾರೆ. 10 ರೂಪಾಯಿಗೆ 50 ಗ್ರಾಂ ಬಿಸ್ಕತ್ತು ಎಂದರೆ ಗ್ರಾಂಗೆ 20 ಪೈಸೆ. 30 ರೂಪಾಯಿಗೆ 200 ಗ್ರಾಂ ಎಂದರೆ 15 ಪೈಸೆ. ಈ ಲೆಕ್ಕ ಐದನೆಯ ತರಗತಿಯ ಮಗುವಿಗೆ ಬಿಡಿ. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಎಂದೇನಿಲ್ಲ, ಶಾಂಪೂ ಹಲವು ಸಲ ಬಾಟಲಿಗಿಂತ ಸಣ್ಣ ಸ್ಯಾಶೆಯಲ್ಲೇ ಕಡಿಮೆಗೆ ಸಿಗುತ್ತದೆ. ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಬಹುದು.

ಆರನೆಯ ಹಂತ: ಚೌತಿಗೆ ಈಗಲೇ ಎತ್ತಿಡಿ

ಜೂನ್ ದಾಟಿತು ಎನ್ನುವಷ್ಟರಲ್ಲಿ ಚೌತಿ ಬರುತ್ತದೆ. ಹೊಸ ಬಟ್ಟೆ, ಪಟಾಕಿ, ನೆಂಟರಿಷ್ಟರು. ವಾರಕ್ಕೆ ಐವತ್ತೋ ನೂರೋ ಬೇರೆ ಡಬ್ಬಿಗೆ ಹಾಕುತ್ತ ಬಂದರೆ ಆಗ ಕೈಸಾಲ ಬೇಕಾಗುವುದಿಲ್ಲ. ಹೊಸ ಬಟ್ಟೆ ಕೊಳ್ಳುವುದಾದರೆ ದೀಪಾವಳಿಗೂ ಶಾಲೆಯ ಗ್ಯಾದರಿಂಗಿಗೂ ಆಗುವಂಥದ್ದು ನೋಡಿ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಗೆ ಮಕ್ಕಳದ್ದೇ ಒಂದು ಹುಂಡಿ ಇರಲಿ. ತೊಟ್ಟಿಲು ಹತ್ತುವುದೋ ಆಟಿಕೆ ಕೊಳ್ಳುವುದೋ ಅವರೇ ತೀರ್ಮಾನಿಸಲಿ.

ಮಳೆ ನಿಂತ ಮೇಲೆ ರೇನ್‌ಕೋಟ್ ತೊಳೆದು ನೆರಳಲ್ಲಿ ಒಣಗಿಸಿ, ಮಡಿಕೆಗಳ ನಡುವೆ ಪೌಡರ್ ಉದುರಿಸಿ ಎತ್ತಿಡಿ, ಇಲ್ಲವಾದರೆ ಪದರು ಅಂಟಿಕೊಂಡು ಬೂಸ್ಟು ಹಿಡಿಯುತ್ತದೆ. ಚಪ್ಪಲಿ, ಸಮವಸ್ತ್ರದ ಈ ವರ್ಷದ ಅಳತೆಯನ್ನು ತಾರೀಖಿನ ಸಮೇತ ಖರ್ಚಿನ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ಮಗುವಿಗೆ ಸಣ್ಣದಾದದ್ದು ಕೇರಿಯಲ್ಲಿ ಯಾರ ಮನೆಯ ಮಗುವಿಗೆ ಆಗುತ್ತದೆ ಎಂದು ಕೇಳಿ ಕೊಡಿ, ನಿಮಗೆ ಬೇಕಾದ್ದನ್ನೂ ಹಾಗೆಯೇ ಕೇಳಿ ತನ್ನಿ.