ಟರ್ಕಿ ಕೋಳಿ ಇದ್ದಲಿ ಮ್ಯಾಲ ಇಡೂಕಿಂತ ಮೊದಲ: ಉಪ್ಪನೀರಾಗ ನೆನಸೂದು ಹೆಂಗ?

ಹ್ವಾದ ಕ್ರಿಸ್‌ಮಸ್ಸಿಗೆ ಬೆಳಗಾವಿ ಕ್ಯಾಂಪ್‌ನ್ಯಾಗ ಗೆಳ್ಯಾನ ಮನ್ಯಾಗ ಐದು ಕಿಲೋದ ಟರ್ಕಿ ಮಾಡಿದ್ರು, ನೋಡಾಕ ಬಂಗಾರದಂಗ ಇತ್ತು, ಆದ್ರ ಕೆಳಗ ಮುಳುಗಿದ್ದ ಬೆನ್ನು ಉಪ್ಪಿನಕಾಯಿ, ಮ್ಯಾಲ ತೇಲಿದ್ದ ಎದಿ ಒಣ ಹತ್ತಿ. ಉಪ್ಪು ಎಷ್ಟ ಹಾಕಿದ್ದೆಪಾ ಅಂದ್ರ, 'ಎರಡ ಬೊಗಸಿ' ಅಂದ. ಬೊಗಸಿ ಲೆಕ್ಕ ಇಲ್ಲಿ ನಡ್ಯಾಂಗಿಲ್ರಿ.

ಮೊದಲ ಕವರ್ ಮ್ಯಾಲಿಂದು ಓದ್ರಿ. ಕೆಲವು ಫ್ರೋಜನ್ ಟರ್ಕಿಗೆ ಫ್ಯಾಕ್ಟರ್‍ಯಾಗ ಉಪ್ಪನೀರು ಚುಚ್ಚಿರ್ತಾರ, ಅಂಥಾದ್ದು ಇದ್ರ ಮತ್ತ ನೆನಸೂದು ಬ್ಯಾಡ. ಫ್ರೋಜನ್ ಹಕ್ಕಿ ಫ್ರಿಡ್ಜ್‌ನ್ಯಾಗ ಕರಗಾಕ ಎರಡ ಕಿಲೋಕ್ಕ ಒಂದ ದಿನ ಅಂತ ಹಿಡೀರಿ.

ಈಗ ನೀರು. ಒಂದ ಲೀಟರಿಗೆ 50 ಗ್ರಾಂ ಉಪ್ಪು, ತಕ್ಕಡ್ಯಾಗ ತೂಗಿ, ಯಾಕಂದ್ರ ಒಂದ ಕಪ್ ಹರಳ ಉಪ್ಪಿಗೂ ಒಂದ ಕಪ್ ಪುಡಿ ಉಪ್ಪಿಗೂ ತೂಕ ಬ್ಯಾರೆ. ಐದು ಕಿಲೋ ಹಕ್ಕಿ ಮುಳುಗಾಕ ಆರು ಲೀಟರ್ ಬೇಕು, ಅಂದ್ರ 300 ಗ್ರಾಂ ಉಪ್ಪು. ಎರಡ ಲೀಟರ್ ನೀರಾಗ ಅಷ್ಟೂ ಉಪ್ಪು, ಮಹಾಲಿಂಗಪುರದ ಬೆಲ್ಲ ಒಂದ ಸಣ್ಣ ಹೆಂಟಿ, ಜಜ್ಜಿದ ಬಳ್ಳೊಳ್ಳಿ, ಮೆಣಸು ಹಾಕಿ ಕುದಸ್ರಿ. ಬೆಲ್ಲ ಜಾಸ್ತಿ ಆದ್ರ ತೊಗಲು ಕರ್‍ರಗ ಹೊತ್ತತೈತಿ. ನಿಂಬಿಹಣ್ಣು, ಮೊಸರು ಹಾಕಬ್ಯಾಡ್ರಿ, ರಾತ್ರಿಯೆಲ್ಲಾ ಹುಳಿ ಒಳಗ ಕುಂತ್ರ ಮಾಂಸದ ಹೊರಗಿನ ಪದರ ಹಿಟ್ಟಾಕ್ಕೈತಿ.

ಎಲ್ಲಾರೂ ಎಡವೂದು ಇಲ್ಲೇ ನೋಡ್ರಿ. ಕುದ್ದ ನೀರು ಬೆಚ್ಚಗಿದ್ದಾಗನ ಹಕ್ಕಿ ಇಳಸ್ತಾರ. ಅದು ಕೀಟಾಣುಗೆ ಹಬ್ಬ. ಎರಡ ಕಿಲೋ ಐಸ್, ಮ್ಯಾಲ ಎರಡ ಲೀಟರ್ ತಣ್ಣೀರು ಹಾಕ್ರಿ, ಐಸ್ ಕರಗಿ ನೀರಾ ಆಗೂದ್ರಿಂದ ಲೆಕ್ಕ ಆರು ಲೀಟರಿಗೇ ಬರತೈತಿ. ಕೈ ಇಟ್ರ ಜುಮ್ಮ ಅನ್ನೂವಷ್ಟು ತಣ್ಣಗಾದ ಮ್ಯಾಲ ಹಕ್ಕಿ ಇಳಸ್ರಿ, ಎದಿ ಕೆಳಗ ಮಾಡಿ, ತೇಲದಂಗ ಮ್ಯಾಲ ಭಾರದ ತಾಟು ಇಡ್ರಿ. ಪಾತೇಲಿ ಸ್ಟೀಲಿಂದ ಇರಲಿ, ಅಲ್ಯೂಮಿನಿಯಂನ ಉಪ್ಪು ತಿಂತೈತಿ. ಆಮ್ಯಾಲ 12 ತಾಸು ಫ್ರಿಡ್ಜ್‌ನ್ಯಾಗ, 4 ಡಿಗ್ರಿ ದಾಟಬಾರ್ದು, 18 ತಾಸಿಗಿಂತ ಜಾಸ್ತಿಯಂತೂ ಬ್ಯಾಡ. 'ಡಿಸೆಂಬರ್ ಚಳಿ ಐತಿ, ಹೊರಗ ಇಟ್ರ ಆತು' ಅಂತ ಬೆಳಗಾವಿ ಮಂದಿ ಅಂತಾರ, ಚಳಿ ಅಂದ್ರ ಫ್ರಿಡ್ಜ್ ಅಲ್ರಿ, ವಿಜಯಪುರದವರು ಅಂತೂ ಆ ವಿಚಾರನೂ ಮಾಡಬ್ಯಾಡ್ರಿ. ಫ್ರಿಡ್ಜ್‌ನ್ಯಾಗ ಹಿಡೀಲಿಲ್ಲ ಅಂದ್ರ ಮೀನದವ್ರ ಕಡೆ ಇರೂ ಥರ್ಮಾಕೋಲ್ ಡಬ್ಬಿ ತಂದು ಸುತ್ತಲೂ ಗಡ್ಡಿಕಟ್ಟಿದ ನೀರಿನ ಬಾಟ್ಲಿ ಇಡ್ರಿ. ಬಿಡಿ ಐಸ್ ಸುರದ್ರ ಉಪ್ಪು ತೆಳ್ಳಗಾಕ್ಕೈತಿ.

ಇಷ್ಟೆಲ್ಲಾ ಯಾಕಂದ್ರ, ಉಪ್ಪು ಮಾಂಸದ ಪ್ರೋಟೀನ್ ಸಡ್ಲ ಮಾಡತೈತಿ, ಆಗ ಅದು ಬೆಂಕಿ ಮ್ಯಾಲೂ ನೀರು ಹಿಡಕೊಂಡ ಕುಂಡರತೈತಿ. ಬಜಾರದಾಗಿನ ರೆಡಿ ಬ್ರೈನ್ (ಉಪ್ಪನೀರು ಮಾಡೂ ಪುಡಿ) ಪಾಕೀಟಿನ್ಯಾಗೂ ಹೆಚ್ಚಿಗಿ ಇರೂದು ಉಪ್ಪು, ಸಕ್ಕರಿನೇ, ರೊಕ್ಕ ಸುಮ್ನ ಹಾಳು.

ಹೊರಗ ತಗದು ಟಿಶ್ಯೂಲೆ ಗಟ್ಟಿ ಒರಸ್ರಿ. ನಳದ ಕೆಳಗ ತೊಳದ್ರ ಕೊಳಿ ಅಡಗಿಮನಿ ತುಂಬ ಸಿಡೀತೈತಿ. ಹಕ್ಕಿ ಮ್ಯಾಲ ಏನೂ ಮುಚ್ಚದಂಗ ಫ್ರಿಡ್ಜ್‌ನ್ಯಾಗ ಮತ್ತ ಆರೆಂಟು ತಾಸು ಇಟ್ರ ತೊಗಲು ಒಣಗಿ ಗರಿಗರಿ ಆಕ್ಕೈತಿ, ಇದನ್ನ ಬಿಟ್ರ ರಬ್ಬರ್. ಉಳದ ಉಪ್ಪನೀರು ಚೆಲ್ರಿ, ಇನ್ನೊಂದ್ ಕೋಳಿಗೆ ಆಕ್ಕೈತಿ ಅನ್ನೂ ಜಿಪುಣತನ ಬ್ಯಾಡ. ಮಸಾಲಿ ಹಚ್ಚೂದಿದ್ರ ಅದರಾಗ ಉಪ್ಪು ಇರಬಾರ್ದು.

ಇದ್ದಲಿ ಹೊತ್ತಸಾಕ ಚಿಮಣಿ ಎಣ್ಣಿ ಬ್ಯಾಡ್ರಿ, ವಾಸನಿ ಹೋಗಾಂಗಿಲ್ಲ. ಬೂದಿ ಬಂದ ಮ್ಯಾಲ ಕೆಂಡ ಎರಡೂ ಬದಿಗೆ ದೂಡಿ ನಡುವ ರಸ ಬೀಳಾಕ ಟ್ರೇ ಇಡ್ರಿ, ಹಕ್ಕಿ ಟ್ರೇ ಮ್ಯಾಲಿನ ಜಾಳಿಗಿ ಮ್ಯಾಲ, ಮುಚ್ಚಳ ಹಾಕಿ ಎರಡೂವರಿ ತಾಸಿನ ಸುತ್ತ, ಮುಕ್ಕಾಲ ತಾಸಿಗೊಮ್ಮೆ ಹೊಸಾ ಇದ್ದಲಿ. ತಾಸು ನೋಡಿ ಇಳಸಬ್ಯಾಡ್ರಿ, ತೊಡಿಯ ದಪ್ಪ ಭಾಗಕ್ಕ ಎಲುಬಿಗೆ ತಾಗದಂಗ ಥರ್ಮಾಮೀಟರ್ ಚುಚ್ಚಿದ್ರ 74 ಡಿಗ್ರಿ ತೋರಸ್ಬೇಕು, ಎದಿಗೂ ಅಷ್ಟ. ಅರ್ಧ ತಾಸು ಬಿಟ್ಟು ಕೊಯ್ರಿ. ಟ್ರೇನ್ಯಾಗ ಬಿದ್ದ ರಸದಾಗ ಮೊದಲಾ ಉಪ್ಪು ಇರತೈತಿ, ಗ್ರೇವಿ ಮಾಡೂಮುಂದ ರುಚಿ ನೋಡೇ ಉಪ್ಪಿನ ಡಬ್ಬಿಗೆ ಕೈ ಹಾಕ್ರಿ.