ಮುಚ್ಚಿಹೋದ ಹಳ್ಳಿ ಗಾಲ್ಫ್ ಕ್ಲಬ್ಬಿನ ಚರಿತ್ರೆ ಹುಡುಕುವುದು ಹೇಗೆ

1890ರಿಂದ 1914ರ ನಡುವೆ ಬ್ರಿಟನ್ನಿನ ಹಳ್ಳಿಗಳಲ್ಲಿ ಒಂಬತ್ತು ಹೋಲಿನ (ಚೆಂಡು ಬೀಳಿಸುವ ಕುಳಿಯ) ಸಣ್ಣ ಗಾಲ್ಫ್ ಕ್ಲಬ್ಬುಗಳು ಬೇಕಾದಷ್ಟು ಹುಟ್ಟಿದವು. ಹತ್ತಿಪ್ಪತ್ತು ವರ್ಷ ಬಾಳಿ ಮುಚ್ಚಿಹೋದವೂ ಅಷ್ಟೇ ಇವೆ. ಇಂಗ್ಲೆಂಡಿಗೆ ಬಂದು ನೆಲೆಸಿದ ಮೇಲೆ ನನಗೆ ಇವುಗಳ ಹುಚ್ಚು ಹಿಡಿದಿದೆ. ನಿಮ್ಮ ಹತ್ತಿರದ ಊರಿನದೊಂದನ್ನು ಹುಡುಕಬೇಕು ಅನ್ನಿಸಿದರೆ ನಕ್ಷೆಯಿಂದ ಶುರು ಮಾಡಿ.

ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ವೆಬ್‌ಸೈಟಿನಲ್ಲಿ ಬ್ರಿಟನ್ನಿನ ಸರಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ಹಳೇ ನಕ್ಷೆಗಳನ್ನು ಪುಕ್ಕಟೆ ನೋಡಬಹುದು. ಇಂಗ್ಲೆಂಡಿನವೂ ಇವೆ. ಪಕ್ಕದಲ್ಲೇ ಇವತ್ತಿನ ಉಪಗ್ರಹ ಚಿತ್ರ ಇಟ್ಟುಕೊಂಡು ಹೋಲಿಸಬಹುದು. ಆದರೆ ಎರಡು ಸರ್ವೆಗಳ ನಡುವೆ ಹುಟ್ಟಿ ಸತ್ತ ಕ್ಲಬ್ಬು ನಕ್ಷೆಯಲ್ಲಿ ಬರುವುದೇ ಇಲ್ಲ. ಆಗ ಆ ಕಾಲದ ಗಾಲ್ಫ್ ವಾರ್ಷಿಕ ಪುಸ್ತಕಗಳನ್ನು ನೋಡಬೇಕು. ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ಆ ವರ್ಷ ಆಟ ನಡೆದಿತ್ತು ಅಂತ ನಂಬಬೇಡಿ.

ಆಟ ನಿಂತದ್ದು ಯಾವಾಗ ಅಂತ ಹೇಳುವುದು ಸ್ಥಳೀಯ ವಾರಪತ್ರಿಕೆ. ಪಂದ್ಯದ ಸ್ಕೋರುಗಳು ಯಾವ ತಿಂಗಳಿಗೆ ನಿಂತವು ನೋಡಿ. ಆಮೇಲೆ ಹರಾಜಿನ ಜಾಹೀರಾತು ಹುಡುಕಿ: ಹುಲ್ಲು ಕತ್ತರಿಸುವ ಯಂತ್ರ, ರೋಲರ್, ಮರದ ಪೆವಿಲಿಯನ್.

ನನ್ನ ಪ್ರಕಾರ ಮುಖ್ಯ ಕೆಲಸ ಇನ್ನು ಮುಂದಿದೆ. ಕ್ಲಬ್ಬನ್ನು ಬಿಟ್ಟು ಜಮೀನಿನ ಬೆನ್ನು ಹತ್ತಿ. ಇಂಥ ಎಷ್ಟೋ ಕ್ಲಬ್ಬುಗಳಿಗೆ ಸ್ವಂತ ನೆಲ ಇರಲಿಲ್ಲ. ರೈತನ ಹುಲ್ಲುಗಾವಲನ್ನು ಬಾಡಿಗೆಗೆ ಹಿಡಿದು, ಕುರಿಗಳು ತುಳಿಯದಂತೆ ಗ್ರೀನಿನ (ಕುಳಿ ಇರುವ ನುಣುಪು ಹುಲ್ಲಿನ ಜಾಗದ) ಸುತ್ತ ತಂತಿ ಕಟ್ಟಿ ಆಡುತ್ತಿದ್ದರು. ಧಣಿ ಸತ್ತರೆ, ಅವನ ಎಸ್ಟೇಟ್ (ಇಡೀ ಜಮೀನು) ಮಾರಿದರೆ, ಆಟ ಮುಗೀತು. 1917ರಲ್ಲಿ ಸರಕಾರವೇ ಹುಲ್ಲುಗಾವಲನ್ನು ಉತ್ತು ಬೆಳೆ ಬೆಳೆಯಿರಿ ಅಂತ ರೈತರ ಬೆನ್ನು ಬಿತ್ತು. 1939ರಲ್ಲಿ ಹಾಗೆ ಉತ್ತರೆ ಎಕರೆಗೆ 2 ಪೌಂಡ್ ಕೊಡುತ್ತೇನೆ ಅಂದಿತು. ಹಾಗಾಗಿ ಜಿಲ್ಲಾ ದಾಖಲೆ ಕಚೇರಿಯಲ್ಲಿ ಎಸ್ಟೇಟಿನ ಬಾಡಿಗೆ ಪುಸ್ತಕ ಕೇಳಿ. ಕ್ಲಬ್ಬಿನ ಮಿನಿಟ್ಸ್ ಕಳೆದುಹೋಗಿದ್ದರೂ ಬಾಡಿಗೆ ಲೆಕ್ಕ ಉಳಿದಿರುವ ಸಾಧ್ಯತೆ ಜಾಸ್ತಿ, ದುಡ್ಡಿನ ವಿಷಯ ಅಲ್ವಾ!

ಕ್ಲಬ್ಬು ಮುಚ್ಚಲು ಇನ್ನೊಂದು ಕಾರಣವನ್ನೂ ಮರೆಯಬೇಡಿ. 1902ರ ಹೊತ್ತಿಗೆ ಒಳಗೆ ರಬ್ಬರ್ ಸುತ್ತಿದ ಹ್ಯಾಸ್ಕೆಲ್ ಚೆಂಡು ಇಲ್ಲಿಗೆ ಬಂತು. ಚೆಂಡು ದೂರ ಹಾರತೊಡಗಿತು, ಸಣ್ಣ ಮೈದಾನ ಸಾಲದಾಯಿತು. ಉದ್ದ ಮಾಡಲು ಪಕ್ಕದ ಹೊಲದವನು ಒಪ್ಪಬೇಕಿತ್ತು.

ಜಮೀನಿನ ಹಕ್ಕು ಎಂಥ ಗಟ್ಟಿ ಅಂತ ತಿಳಿಯಲು ಸ್ಕಾಟ್ಲೆಂಡಿನ ಸೌತ್ ಉಯಿಸ್ಟ್ ದ್ವೀಪದ ಆಸ್ಕರ್ನಿಷ್ ನೋಡಿ. 1891ರಲ್ಲಿ ಆ ಕಾಲದ ಹೆಸರಾಂತ ಗಾಲ್ಫ್ ಆಟಗಾರ ಓಲ್ಡ್ ಟಾಮ್ ಮಾರಿಸ್ ಅಲ್ಲಿ ಗಾಲ್ಫ್ ಮೈದಾನ ಗುರುತು ಹಾಕಿಕೊಟ್ಟರು. ಕಾಲ ಸರಿದಂತೆ ಅದು ಮೇವಿನ ನೆಲದಲ್ಲಿ ಕಳೆದುಹೋಯಿತು. 2005ರಲ್ಲಿ ಅದನ್ನು ಮತ್ತೆ ಗುರುತಿಸಿದರು, 2008ರಲ್ಲಿ ತೆರೆದರು. ಆಗಲೂ ಕೆಲವು ಸಣ್ಣ ರೈತರು ಮೇವಿನ ಹಕ್ಕಿಗಾಗಿ ಕೋರ್ಟು ಹತ್ತಿದರು.

ಕೊನೆಗೆ ಜಾಗಕ್ಕೆ ಹೋಗಿ. ಚಳಿಗಾಲದ ಬೆಳಿಗ್ಗೆ ಒಳ್ಳೇದು, ಓರೆ ಬಿಸಿಲಿಗೆ ನೆಲದ ಉಬ್ಬುತಗ್ಗು ಎದ್ದು ಕಾಣುತ್ತದೆ. ಇಳಿಜಾರಿನಲ್ಲಿ ಸುಮ್ನೆ ಒಂದು ಚೌಕ ಮಾತ್ರ ಸಮತಟ್ಟಾಗಿದ್ದರೆ ಅದು ಹಳೇ ಟೀ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗ, ಇರಬಹುದು. ಇಂಗ್ಲೆಂಡಿನಲ್ಲಿ ಕಾಲುದಾರಿ ಬಿಟ್ಟು ಹೊಲಕ್ಕೆ ಇಳಿಯುವ ಮೊದಲು ರೈತರನ್ನು ಕೇಳಿ. ಅವರ ಅಜ್ಜ ಆ ಹೊಲವನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರು ಅಂತಲೂ ಕೇಳಿ ಬರೆದುಕೊಳ್ಳಿ.