ದಾರ ಕಟ್ಟಿದ ಪೆನ್ನು

ಉಡುಪಿಯ ಪುಟ್ಟ ಚಿಕಿತ್ಸಾಲಯವೊಂದರಲ್ಲಿ ನಾನು ಕಣ್ಣಿನ ವೈದ್ಯೆ. 2023ರ ಮಳೆಗಾಲ, ತುಳುವರ ಆಟಿ ತಿಂಗಳಿನಲ್ಲಿ ಮದ್ರಾಸ್ ಐ ಮನೆಮನೆಗೂ ಹೊಕ್ಕಿತ್ತು. ಪ್ರತಿ ರೋಗಿಯ ನಂತರ ಕೈ ತೊಳೆಯುತ್ತಿದ್ದೆ, ಉಪಕರಣ ಒರೆಸುತ್ತಿದ್ದೆ. ಹೊರಗಿನ ಮೇಜಿನ ಮೇಲೆ ಪುಸ್ತಕಕ್ಕೆ ದಾರ ಕಟ್ಟಿ ಇಟ್ಟಿದ್ದ ಪೆನ್ನು ಮಾತ್ರ ಯಾರಿಗೂ ನೆನಪಾಗಿರಲಿಲ್ಲ. ಕಣ್ಣೊರೆಸಿದ ಕೈಗಳೆಲ್ಲ ಅದರಲ್ಲೇ ಹೆಸರು ಬರೆದಿದ್ದವು, ನಾನೂ ಬರೆದಿದ್ದೆ.

ಒಂದು ಬೆಳಿಗ್ಗೆ ಎಡಗಣ್ಣಿನಲ್ಲಿ ಮರಳು ಹೊಕ್ಕಂತಾಯಿತು. ನೀರು ಸುರಿಯುತ್ತಿತ್ತು, ಕೀವಿರಲಿಲ್ಲ. ಕಿವಿಯ ಮುಂದೆ ಬೆರಳಿಟ್ಟರೆ ಕಡಲೆಕಾಳಿನಷ್ಟು ಗಂಟು, ಒತ್ತಿದರೆ ನೋವು. ವೈರಸ್ಸಿನದೇ ಎಂದುಕೊಂಡೆ. ಮೂರನೆಯ ದಿನ ಬಲಗಣ್ಣೂ ಕೆಂಪಾಯಿತು. ಇದಕ್ಕೆ ಆ್ಯಂಟಿಬಯಾಟಿಕ್ ಹನಿ ಕೆಲಸ ಮಾಡುವುದಿಲ್ಲ. ತಣ್ಣನೆಯ ಒದ್ದೆ ಬಟ್ಟೆ, ಕೃತಕ ಕಣ್ಣೀರಿನ ಹನಿ, ಬೇರೆಯದೇ ಟವೆಲು. ಉಳಿದದ್ದು ಒಂದೆರಡು ವಾರದ ಕಾಯುವಿಕೆ. ಅತ್ತೆ ನಂದಿಬಟ್ಟಲು ಹೂವಿನ ರಸ ಹಿಂಡಿ ತಂದರು. “ಕಣ್ಣಿಗೆ ಬಿಡುವುದು ಬೇಡ ಅತ್ತೆ, ಅದರಲ್ಲಿ ಮತ್ತೊಂದು ಸೋಂಕು ಬಂದೀತು” ಎಂದೆ. ಅವರಿಗೆ ಬೇಸರವಾಯಿತು, ನನಗೆ ಅದಕ್ಕಿಂತ ಹೆಚ್ಚು.

ಎಲ್ಲ ಕೆಂಗಣ್ಣೂ ಇದಲ್ಲ. ಹಳದಿ ಗೀಜು ಗಟ್ಟಿಯಾಗಿ, ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿದ್ದರೆ ಬ್ಯಾಕ್ಟೀರಿಯಾದ ಗುಮಾನಿ. ಆಗ ಆ್ಯಂಟಿಬಯಾಟಿಕ್ ಹನಿ ಬರೆದುಕೊಡುತ್ತೇನೆ. ಎರಡೂ ಕಣ್ಣಿಗೆ ತಡೆಯಲಾರದ ತುರಿಕೆ, ನೂಲಿನಂತೆ ಎಳೆ ಬರುವ ಲೋಳೆ ಇದ್ದರೆ ಅಲರ್ಜಿ. ಅದು ಹರಡುವುದಿಲ್ಲ, ಪಾಪ, ಆ ಮಕ್ಕಳನ್ನೂ ಶಾಲೆಯಿಂದ ಹಿಂದಕ್ಕೆ ಕಳುಹಿಸುತ್ತಾರೆ.

ನನಗೆ ಭಯವಿರುವುದು ಔಷಧದ ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಹನಿಯ ಬಗ್ಗೆ. ಆ ಮಳೆಗಾಲದಲ್ಲೇ ಮಲ್ಪೆಯ ಮೀನುಗಾರರೊಬ್ಬರು ಬಂದರು. “ಒಂದೇ ದಿನಕ್ಕೆ ಕೆಂಪು ಹೋಯಿತು ಡಾಕ್ಟ್ರೇ, ಆದರೆ ಈಗ ಮಂಜು ಮಂಜು” ಎಂದರು. ಹಳದಿ ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದೆ: ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರದಲ್ಲಿ ಒಣ ಮರದ ಕವಲಿನಂತೆ ಹಸುರು ಗೆರೆ. ಹರ್ಪಿಸ್ ಎಂಬ ವೈರಸ್ಸಿನ ಹುಣ್ಣು. ಸ್ಟೀರಾಯ್ಡ್ ಅದಕ್ಕೆ ಗೊಬ್ಬರ ಹಾಕಿದಂತೆ. ವೈರಸ್ ವಿರೋಧಿ ಮುಲಾಮಿನಿಂದ ಹುಣ್ಣು ಮಾಯಿತು, ಸಣ್ಣ ಕಲೆ ಉಳಿಯಿತು.

ಹಾಗಾಗಿ ನೋವು ಜೋರಾಗಿದ್ದರೆ, ಬೆಳಕು ಚುಚ್ಚಿದರೆ, ರೆಪ್ಪೆ ಬಡಿದರೂ ಮಂಜು ಹೋಗದಿದ್ದರೆ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾಗಿದ್ದರೆ ಅದೇ ದಿನ ಬನ್ನಿ ಎನ್ನುತ್ತೇನೆ. ಹಸುಗೂಸಿನ ಕಣ್ಣು ಕೆಂಪಾದರಂತೂ ಗಂಟೆಯೂ ಕಾಯಬಾರದು.

ಹದಿಮೂರನೆಯ ದಿನ ಕೆಲಸಕ್ಕೆ ಮರಳಿದೆ. ಮೊದಲು ಕತ್ತರಿ ತೆಗೆದುಕೊಂಡು ಆ ದಾರ ಕತ್ತರಿಸಿದೆ. ಈಗ ಹೆಸರು ಬರೆಯುವುದು ನಮ್ಮ ಸಹಾಯಕಿ, ತನ್ನದೇ ಪೆನ್ನಿನಲ್ಲಿ.